ಒಬ್ಬನಿಗೇ ಹಾಕಿದ ಕುರ್ಚಿ

ಅಪ್ಪಾ,

ಯಜಮಾನ್ರು ಕೆಟ್ಟವರು ಅಂತ ನಾನೆಲ್ಲಿ ಅಂದೆ? ನಿನ್ನೆ ನಿನ್ನನ್ನ ಒಳಗೆ ಕರೆದು, ಕುರ್ಚಿ ಹಾಕಿ ಕೂರಿಸಿ, "ನಿನ್ನ ಮಗ ಯೂನಿಯನ್ ಬಿಡಲಿ, ಇಸ್ತ್ರಿ ಸೆಕ್ಷನ್ನಿಂದ ಸ್ಟೋರಿಗೆ ಹಾಕ್ತೀನಿ" ಅಂದ್ರು. ಇಷ್ಟು ವರ್ಷ ಅವರ ಗೇಟ್ ಕಾದಿದ್ದೀಯ, ಮೊದಲ ಸಲ ಕೂರು ಅಂದ್ರು, ಕರಗಿಹೋದೆ. ನಿನ್ನ ತಪ್ಪಿಲ್ಲ ಬಿಡು.

ಆದ್ರೆ ನಮ್ಮ ಯೂನಿಯನ್ ವಕೀಲಮ್ಮ ಒಂದು ಹಳೇ ತೀರ್ಪು ಓದಿ ಹೇಳಿದ್ರು. ಇನ್ನೊಂದು ಕಾರ್ಖಾನೆಯವರೂ ಹಿಂಗೇ ಒಬ್ಬೊಬ್ಬರನ್ನೇ ಕರೆದು ಪುಸಲಾಯಿಸಿದ್ರಂತೆ. ಕೋರ್ಟು ಒಪ್ಪಲಿಲ್ಲ. "ಇದು ಮಾತುಕತೆ ಅಲ್ಲ, ಯೂನಿಯನ್ ಜೊತೆ ಕೂತು ಮಾತಾಡಿ, ಒಪ್ಪೋದು ಬಿಡೋದು ಆಮೇಲೆ" ಅಂತ ಬರೆದಿದ್ದಾರೆ. ನಾವು ಕೇಳ್ತಿರೋದೂ ಅಷ್ಟೇ. ಆ ಇಸ್ತ್ರಿ ಹಬೆಯಲ್ಲಿ ನನ್ನ ಪಕ್ಕದಲ್ಲೇ ಕೆಲಸ ಮಾಡೋ ಅಕ್ಕ ಎರಡು ಸಲ ತಲೆ ಸುತ್ತಿ ಬಿದ್ದಳಲ್ಲಪ್ಪ. ನಾನೊಬ್ಬನೇ ಸ್ಟೋರಲ್ಲಿ ತಣ್ಣಗೆ ಕೂತ್ರೆ ಅವಳ ಮುಖ ಹೆಂಗೆ ನೋಡಲಿ?

ಇವತ್ತು ಹತ್ತು ಗಂಟೆಗೆ ಯೂನಿಯನ್ನವರೆಲ್ಲ ಒಟ್ಟಿಗೆ ಯಜಮಾನ್ರ ರೂಮಿಗೆ ಹೋಗ್ತೀವಿ. ಗೇಟಲ್ಲಿ ನೀನೇ ಇರ್ತೀಯ. ತಡೀಬೇಕು ಅಂತ ಹೇಳಿದ್ರೆ ತಡಿ, ನಾನು ಬೇಜಾರು ಮಾಡ್ಕೊಳ್ಳಲ್ಲ. ಬಿಪಿ ಮಾತ್ರೆ ನಿನ್ನ ಯೂನಿಫಾರಂ ಜೇಬಲ್ಲಿಟ್ಟಿದ್ದೀನಿ, ತಿಂಡಿ ಆದ್ಮೇಲೆ ನುಂಗು.

ನೀನಿನ್ನೂ ಸ್ನಾನ ಮಾಡ್ತಿದ್ದೀಯ. ಎದುರಿಗೆ ಬಂದ್ರೆ ನನಗೆ ಇದೆಲ್ಲ ಹೇಳಕ್ಕಾಗಲ್ಲ. ಬಾಗಿಲು ಎಳ್ಕೊಂಡು ಹೊರಟೆ.

ನಿನ್ನ ಮಗ