ಸೆಲ್ಮಾ ಬದುಕಿರುವವರೆಗಿನ ಹರಕೆ

ಮೊಗ್ಪೊಗ್, ಮರಿಂದುಕೆ ದ್ವೀಪ
ಮೇ ೬, ಮಂಗಳವಾರ

ಮುದ್ದು ಸೆಲ್ಮಾ,

ಹೊಟ್ಟೆಯ ಹೊಲಿಗೆ ಒಣಗಿತೇ? ಭಾರ ಎತ್ತಬಾರದು ಎಂದು ತೈವಾನಿನ ಡಾಕ್ಟರು ಹೇಳಿದ್ದಾರಂತೆ. ನೀನು ನೋಡಿಕೊಳ್ಳುವ ಆ ಅಜ್ಜಿಯೇ ಎಪ್ಪತ್ತು ಕೆಜಿ ಇದ್ದಾಳಲ್ಲ, ಈಗ ಅವಳನ್ನು ಎಬ್ಬಿಸಿ ಕೂರಿಸುವವರು ಯಾರು? ಅನ್ನ ಸರಿಯಾಗಿ ತಿನ್ನು, ಬರೀ ನೂಡಲ್ಸಿನಲ್ಲಿ ದಿನ ನೂಕಬೇಡ. ನಾನು ಚೆನ್ನಾಗಿದ್ದೇನೆ. ಅಪ್ಪನ ಬಲಗೈ ಇನ್ನೂ ಮೇಲೆದ್ದಿಲ್ಲ, ನಾಲಿಗೆ ಅರ್ಧ ಹೊರಳುತ್ತದೆ, ಹಠ ಮಾತ್ರ ಮೊದಲಿಗಿಂತ ಗಟ್ಟಿಯಾಗಿದೆ.

ಇಲ್ಲಿ ನನಗೊಂದು ಮರ್ಯಾದೆ ಸಿಕ್ಕಿದೆ, ಕೇಳು. ಪ್ರಾಂತ್ಯದ ಕಚೇರಿಯವರೊಬ್ಬರು ಮನೆಗೆ ಬಂದು, ನಾನು ಹಿಂದೆ ಟೀಚರಾಗಿದ್ದೆನೆಂದು, ಪ್ರವಾಸಿಗಳ ಪುಸ್ತಿಕೆಗೆ ನಮ್ಮ ದ್ವೀಪದ ಪರಿಚಯ ಬರೆಯಲು ಹೇಳಿದರು. "ಚರಿತ್ರೆ, ಜನ, ಜೀವನೋಪಾಯ, ಎಲ್ಲಾ ಎರಡೇ ಪುಟ ಟೀಚರ್. ಓದಿದೋರು ಓಡಿ ಬರ್ಬೇಕು, ಹಂಗೆ ಬರೀರಿ!" ಬರೆದೆ. ನಕ್ಷೆಯಲ್ಲಿ ನಮ್ಮದು ಹೃದಯದ ಆಕಾರವೆಂದೆ. ಸ್ಪೇನಿನವರು ಬಂದರು, ಅಮೆರಿಕದವರು ಬಂದರು, ತಾಮ್ರ ಅಗೆಯುವವರೂ ಬಂದು ಹೋದರು. ಉಳಿದದ್ದು ತೆಂಗು, ಕೂವೆಹಿಟ್ಟಿನ ಬಿಸ್ಕತ್ತು, ಚಿಟ್ಟೆ. ಚಿಟ್ಟೆಯ ವಿಷಯ ನನಗಿಂತ ಚೆನ್ನಾಗಿ ಯಾರು ಬರೆದಾರು? ದಿನಾ ಚಿಟ್ಟೆ ಸಾಕುವ ಶೆಡ್ಡಿನಲ್ಲಿ ಇನ್ನೂರು ಕೋಶಗಳನ್ನು ಹತ್ತಿಯಲ್ಲಿ ಸುತ್ತಿ ಪರದೇಶಕ್ಕೆ ಕಳಿಸುವವಳು ನಾನೇ. ರೆಕ್ಕೆಯೇ ಮೂಡದ ಹುಳುಗಳ ಕಾಗದಪತ್ರ ಎಷ್ಟು ಸಲೀಸಾಗಿ ಆಗುತ್ತದೆಂದರೆ ಹೊಟ್ಟೆ ಉರಿಯುತ್ತದೆ. 'ಜನ' ಎಂಬಲ್ಲಿ ಪೆನ್ನು ನಿಂತಿತು. "ಹೊರಡಲಾಗದವರು" ಎಂದು ಬರೆದು, ಹೊಡೆದುಹಾಕಿ, "ಅತಿಥಿಸತ್ಕಾರಕ್ಕೆ ಹೆಸರಾದವರು" ಎಂದು ಬರೆದೆ. ಅವರಿಗೆ ತುಂಬ ಹಿಡಿಸಿತು.

ಈಸ್ಟರಿಗೆ ಮುಂಚಿನ ಪವಿತ್ರ ವಾರದ ಬಗ್ಗೆಯೂ ಒಂದು ಪ್ಯಾರಾ ಬೇಕಂತೆ: ಮುಖವಾಡ ತೊಟ್ಟ ರೋಮನ್ ಸೈನಿಕರು ಏಳು ದಿನ ಬೀದಿಯಲ್ಲಿ ಅಲೆಯುವುದು, ಮಕ್ಕಳನ್ನು ಹೆದರಿಸುವುದು, ಒಳಗಿರುವುದು ಯಾರೆಂದು ಯಾರೂ ಬಾಯಿಬಿಡದಿರುವುದು. ಒಳಗೆ ಹೇಗಿರುತ್ತದೆಂದು ಮಾತ್ರ ಅವರು ಕೇಳಲಿಲ್ಲ. ಅಪ್ಪ ಕೆತ್ತಿದ ಆ ಮರದ ಮುಖ ಅವನ ತಲೆಯ ಅಳತೆಯದು. ನನಗೆ ಬಟ್ಟೆ ತುರುಕಿ ಕಟ್ಟಬೇಕು. ಬೆವರು ಕಣ್ಣಿಗಿಳಿದರೆ ಒರೆಸುವಂತಿಲ್ಲ, ದನಿ ಗುರುತಾದೀತೆಂದು ಕೆಮ್ಮುವಂತಿಲ್ಲ. ನಮ್ಮ ಪೂರಿಂಗ್ ಅತ್ತೆಗೂ ಗುರುತು ಸಿಗದೆ, ಈ ಸಲ ಬಾಗಿಲಲ್ಲೇ ನಿಂತು ಕೂಗಿದಳು: "ಏ ರೋಮನ್ನಾ, ಒಳ್ಳೆ ಬಸುರಿ ಬಾತುಕೋಳಿ ನಡ್ದಂಗೆ ನಡೀತೀಯಲ್ಲೋ! ಹೆಂಡ್ತಿ ಅನ್ನ ಹಾಕಲ್ವೇನೋ?" ಒಳಗೆ ನಗು ಬಂತು, ಅಳುವೂ ಬಂತು. ನನಗಿದು ಏಳನೆಯ ವರ್ಷ ಸೆಲ್ಮಾ.

ಅಪ್ಪ ಹರಕೆ ಹೊತ್ತಾಗ ನಿನಗೆ ಮೂರು ವರ್ಷ, ಜ್ವರದಲ್ಲಿ ಕಣ್ಣು ಮೇಲಾಗಿತ್ತು. ನಾನು ಪಕ್ಕದಲ್ಲೇ ಇದ್ದೆ, ಕಿವಿಯಾರೆ ಕೇಳಿದೆ. ಊರಿನವರೆಲ್ಲ ಏಳು ವರ್ಷ, ಹತ್ತು ವರ್ಷ ಎಂದು ಹರಕೆ ಹೊರುತ್ತಾರೆ. ನಮ್ಮಪ್ಪ ಗಾಬರಿಯಲ್ಲಿ, "ಈ ಮಗು ಬದುಕಿರೋವರ್ಗೂ ನಮ್ಮನೇಲೊಬ್ರು ಮುಖವಾಡ ಹಾಕ್ತೀವಿ ದೇವ್ರೇ" ಎಂದುಬಿಟ್ಟ. ನೀನು ಬದುಕಿದೆ. ಅವನು ಇಪ್ಪತ್ನಾಲ್ಕು ವರ್ಷ ಹಾಕಿ, ಪಾರ್ಶ್ವವಾಯು ಬಡಿದ ಮೇಲೆ ನನ್ನ ಕೈಗಿತ್ತ. ಸಾಕು ಎಂದರೆ ಒಂದೇ ಮಾತು: "ಅವ್ಳು... ಇದಾಳಲ್ಲ? ಹಾಕ್ಕೋ."

ತೈವಾನಿಗೆ ಕೆಲಸಕ್ಕೆ ಕಳಿಸುವ ಏಜೆನ್ಸಿಯವರು ನನ್ನನ್ನು ಮತ್ತೆ ಕರೆದಿದ್ದಾರೆ. ಎರಡು ವರ್ಷ, ನಡುವೆ ಊರಿಗೆ ರಜೆಯಿಲ್ಲ. ಈ ಹರಕೆಗಾಗಿಯೇ ಎರಡು ಸಲ ಒಲ್ಲೆನೆಂದಿದ್ದೆ. ನನಗೀಗ ಮೂವತ್ತೊಂಬತ್ತು, ನಲವತ್ತು ದಾಟಿದವರನ್ನು ಅವರು ತೆಗೆದುಕೊಳ್ಳುವುದಿಲ್ಲ. ಪಾದ್ರಿಗಳನ್ನು ಕೇಳಿದೆ. ಯಾರ ಜೀವಕ್ಕಾಗಿ ಹರಕೆಯೋ ಅವರೇ ಅದನ್ನು ಹೊರಬಹುದಂತೆ, ಇಲ್ಲವೇ ಹೊತ್ತವನು ತಾನೇ ಚರ್ಚಿಗೆ ಬಂದು ಬಿಡುಗಡೆ ಬೇಡಬಹುದಂತೆ. ಅಪ್ಪನಿಗೆ ಹೇಳಿದರೆ ಗೋಡೆಯ ಕಡೆ ತಿರುಗಿ ಮಲಗುತ್ತಾನೆ. ಒಂಬತ್ತು ವರ್ಷವಾಯಿತು ನೀನು ಹೋಗಿ. ಮುಂದಿನ ಪವಿತ್ರ ವಾರಕ್ಕೆ ರಜೆ ಕೇಳಿ ನೋಡುತ್ತೀಯಾ?

ಪೂರಿಂಗ್ ಅತ್ತೆ ನಿನಗೆ ಕೂವೆ ಬಿಸ್ಕತ್ತು ಕಟ್ಟಿಟ್ಟಿದ್ದಾಳೆ. ದೇವರು ನಿನಗೆ ಗಟ್ಟಿ ಆರೋಗ್ಯ ಕೊಡಲಿ, ಆ ಅಜ್ಜಿ ತಾನೇ ಎದ್ದು ನಡೆಯುವಂತಾಗಲಿ.

ನಿನ್ನ ಅಕ್ಕ,
ಲಿಗಾಯಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯವಾಗಲಿಲ್ಲ. ನಿನ್ನನ್ನು ಆಸ್ಪತ್ರೆಗೆ ಸೇರಿಸಿದ ಸುದ್ದಿ ಬಂದದ್ದು ಪವಿತ್ರ ಬುಧವಾರ, ನಾನು ಮುಖವಾಡ ಕಟ್ಟಿಕೊಳ್ಳುತ್ತಿದ್ದಾಗ. ಅಳು ಬರುವ ಮೊದಲು ಒಂದು ಯೋಚನೆ ಬಂತು: ಹಾಗಾದರೆ ಮುಂದಿನ ವರ್ಷ ಇದನ್ನು ಹಾಕಬೇಕಿಲ್ಲ. ಒಂದೇ ಗಳಿಗೆ, ಸೆಲ್ಮಾ, ಆದರೆ ಬಂತು. ನಿನ್ನ ಜೀವಕ್ಕಾಗಿ ತೊಡುವ ಮುಖವಾಡದೊಳಗೆ ಅಂಥ ಯೋಚನೆ ಮಾಡಿದವಳು ಇನ್ನು ಅದನ್ನು ತೊಡಬಾರದು. ನಿನ್ನೆ ಏಜೆನ್ಸಿಯ ಕಾಗದಕ್ಕೆ ಸಹಿ ಹಾಕಿದೆ. ಜೂನ್ ಎರಡಕ್ಕೆ ದ್ವೀಪ ಬಿಡುವ ಹಡಗು. ಅಪ್ಪನನ್ನು ಪೂರಿಂಗ್ ಅತ್ತೆ ನೋಡಿಕೊಳ್ಳುತ್ತಾಳೆ. ಅವನಿಗೆ ಇನ್ನೂ ಹೇಳಿಲ್ಲ. ಫೋನ್ ಮಾಡಿ ನೀನೇ ಹೇಳು, ಬದುಕಿರುವ ದನಿಯಲ್ಲಿ.