ಮಳೆಗಾಲದ ಗೇರುಹಣ್ಣು

ಶಿರಾಲಿ
12 ಆಗಸ್ಟ್ 2025

ನನ್ನ ಧನ್ಯಾ,

ಹಾಸ್ಟೆಲಿಗೆ ಬಿಟ್ಟುಬಂದ ದಿನವೇ ಕಾಗದ ಬರೆಯುತ್ತೇನೆಂದು ಹೇಳಿ ಇಷ್ಟು ದಿನ ಸುಮ್ಮನಿದ್ದುಬಿಟ್ಟೆ, ಬೈಯಬೇಡ. ಭಾನುವಾರದ ಫೋನಿನಲ್ಲೇ ಹೇಳೋಣವೆಂದರೆ ವಾರ್ಡನ್ ಕೋಣೆಯಲ್ಲಿ ನಿನ್ನ ಹಿಂದೆ ಹುಡುಗಿಯರ ಸಾಲು ನಿಂತಿರುತ್ತದೆ. ಹೋದ ಭಾನುವಾರವಂತೂ ನೀನು ನನಗೆ ಬಾಯಿ ತೆರೆಯಲೂ ಬಿಡಲಿಲ್ಲ. "ಚೌತಿಗೆ ನಾ ಬರೂದಿಲ್ಲ. ದಿನಾ ಬಸ್ಸಿಗೆ ಹೋಗಿ ಬರೂಕೆ ಆಗ್ತಿತ್ತು. ಆಸ್ಪತ್ರೆಯಿಂದ ಬಂದ್ಕೂಡ್ಲೆ ಕುಮಟೆಲಿ ತಂದು ಹಾಕ್ದೆ. ನಿಂಗೆ ನನ್ನ ನೋಡ್ಕಂಡು ಸಾಕಾಗ್ಯದೆ" ಅಂದು ಫೋನಿಟ್ಟೆ. ಆ ಮಾತು ಇನ್ನೂ ಕಿವಿಯಲ್ಲೇ ಇದೆ.

ಮನೆಯಲ್ಲಿ ಎಲ್ಲ ಸುಮಾರಾಗಿದೆ. ಮೀನಿನ ಲಾರಿಯ ಜೊತೆ ಗೋವೆಯ ಕಡೆ ಹೋಗಿರುವ ಅಪ್ಪ ಚೌತಿಯ ಹಿಂದಿನ ದಿನ ಬರುತ್ತಾರಂತೆ. ಪಕ್ಕದ ಮನೆಯ ತಿಮ್ಮಿ ಅಕ್ಕ ದಿನವೂ ನಿನ್ನ ಸುದ್ದಿ ಕೇಳುತ್ತಾಳೆ, ಕೇಳಿ ಮುಗಿಯುವುದರೊಳಗೆ ಸಕ್ಕರೆಗೆ ಲೋಟ ಚಾಚುತ್ತಾಳೆ. ನನಗೆ ಮಾತ್ರ ಫೋನ್ ಹೊಡೆದುಕೊಂಡರೆ ಸಾಕು, ಕೈಯಲ್ಲಿದ್ದುದನ್ನು ಬಿಟ್ಟು ಓಡುತ್ತೇನೆ. ಮೊನ್ನೆ ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ ಪಕ್ಕದವಳ ಫೋನ್ ಬಡಿದುಕೊಂಡಾಗಲೂ ನಿನ್ನ ಹಾಸ್ಟೆಲ್ಲೇ ಎಂದುಕೊಂಡು ಎದ್ದು ನಿಂತೆ. ಕಂಡಕ್ಟರ್ ಅಣ್ಣಪ್ಪ, "ಎಂತ ಉಮಕ್ಕ, ಹೊನ್ನಾವರ ಬರೂಕೆ ಇನ್ನೂ ಉಂಟು, ಕೂತ್ಕಣಿ" ಅಂದ.

ಕಾರ್ಖಾನೆಯ ಸುದ್ದಿಯೊಂದಿದೆ. ನಿನ್ನ ಪಿಯುಸಿ ಪುಸ್ತಕದಲ್ಲಿ ಐಸೋಮರ್ ಪಾಠ ಬಂದಿದೆ ಅಂದಿದ್ದೆಯಲ್ಲ, ಹಾಗಾಗಿ ಸ್ವಲ್ಪ ಬಿಡಿಸಿಯೇ ಬರೆಯುತ್ತೇನೆ. ನಮ್ಮ ಶೆಡ್ಡಿನ ಕೆಲಸವೆಲ್ಲ ಅದೇ. ಕ್ರೆಸಾಲ್ ಎಂಬ ರಾಸಾಯನಿಕದ ಎರಡು ಬಗೆ, ಮೆಟಾ ಕ್ರೆಸಾಲ್ ಮತ್ತು ಪ್ಯಾರಾ ಕ್ರೆಸಾಲ್, ಬೆರೆತುಕೊಂಡು ಬರುತ್ತವೆ. ಎರಡರಲ್ಲೂ ಇರುವ ಸಾಮಾನು ಒಂದೇ, ಜೋಡಿಸಿದ ಜಾಗ ಮಾತ್ರ ಬೇರೆ. ಕುದಿಸಿ ಬಿಡಿಸೋಣವೆಂದರೆ ಹೆಚ್ಚುಕಮ್ಮಿ ಒಟ್ಟಿಗೇ ಆವಿಯಾಗುತ್ತವೆ. ಅದಕ್ಕೆ ಯೂರಿಯಾ ಹಾಕಿ ಚೆನ್ನಾಗಿ ತಣಿಸುತ್ತೇವೆ. ಯೂರಿಯಾ ಮೆಟಾವನ್ನು ಮಾತ್ರ ಹಿಡಿದುಕೊಂಡು ಬಿಳಿ ಹರಳಾಗುತ್ತದೆ, ಪ್ಯಾರಾ ದ್ರವದಲ್ಲೇ ಉಳಿಯುತ್ತದೆ. ಹರಳನ್ನು ಸೋಸಿ, ತಣ್ಣಗೆ ತೊಳೆದು, ಆಮೇಲೆ ಬಿಸಿನೀರು ಕೊಟ್ಟರೆ ಯೂರಿಯಾ ನೀರಿಗೆ ಸೇರಿ ಮೆಟಾ ಬೇರೆಯಾಗುತ್ತದೆ. ನೀನು ಚಿಕ್ಕವಳಿದ್ದಾಗ, "ಗದ್ದೆಗೆ ಹಾಕೂ ಯೂರಿಯಾಕ್ಕೆ ಮೆಟಾ ಯಾವ್ದು ಅಂತ ಹ್ಯಾಂಗೆ ಗೊತ್ತಾಗ್ತದೆ ಅಮ್ಮಾ?" ಎಂದು ಕೇಳಿದ್ದೆ. ಗೊತ್ತಾಗುವುದೇನಿಲ್ಲ ಮಗಾ, ಒಂದರ ಪಕ್ಕ ಕೂರಲು ಸರಿಹೋಗುತ್ತದೆ, ಇನ್ನೊಂದರ ಪಕ್ಕ ಸರಿಹೋಗುವುದಿಲ್ಲ ಅಂದಿದ್ದೆ.

ನಿನ್ನ ಇನ್ಸುಲಿನ್ ಬಾಟಲಿಯ ವಾಸನೆಯೂ ಮೆಟಾದ್ದೇ. ಔಷಧಿ ಕೆಡದಿರಲೆಂದು ಅದರಲ್ಲಿ ಚೂರು ಹಾಕಿರುತ್ತಾರೆ. ಪ್ಯಾರಾಕ್ಕೆ ದನದ ಕೊಟ್ಟಿಗೆಯ ವಾಸನೆ. ಕೆಲಸದಿಂದ ಬಂದ ನನ್ನನ್ನು ತಬ್ಬಿಕೊಂಡು ನೀನು "ಅಮ್ಮ ಇವತ್ತು ಸೂಜಿ" ಅನ್ನುತ್ತಿದ್ದೆ, ಇಲ್ಲವೇ "ಅಮ್ಮ ಇವತ್ತು ದನ".

ಹೋದ ವಾರ ಹರಳು ತೊಳೆಯುತ್ತಿರುವಾಗಲೇ ಕರೆಂಟ್ ಹೋಗಿ ತಣಿಸುವ ಯಂತ್ರ ನಿಂತಿತು. ಪ್ಯಾರಾ ಹರಳಿಗೆ ಅಂಟಿಕೊಂಡೇ ಉಳಿದಿದೆಯೋ ಎಂಬ ಸಂಶಯ. ಪರೀಕ್ಷೆಯ ಯಂತ್ರವೂ ಬಂದ್. ನಮ್ಮ ಕೆಮಿಸ್ಟ್ ಗುರುದತ್ತ, "ಉಮಕ್ಕಾ, ನಿಮ್ಮ ಮೂಗು ಎಂತ ಹೇಳ್ತದೆ? ದನ ಉಂಟಾ?" ಅಂದ. ಮುಖವಾಡ ಸರಿಸಿ ಮೂಸಿದೆ. ಶುದ್ಧ ಸೂಜಿಯ ವಾಸನೆ. "ದನ ಎಂತದೂ ಇಲ್ಲ. ಆತು, ಮುಂದಕ್ಕೆ ಕಳ್ಸಿ" ಅಂದೆ. ಕರೆಂಟ್ ಬಂದ ಮೇಲೆ ಯಂತ್ರ ಬೇರೆಯೇ ಹೇಳಿತು. ಹರಳಿನ ತುಂಬ ಪ್ಯಾರಾ ಇತ್ತು. ಪುಣ್ಯಕ್ಕೆ ಮಾಲು ಹೊರಗೆ ಹೋಗಿರಲಿಲ್ಲ, ಮತ್ತೆ ತೊಳೆದರು. ಗುರುದತ್ತ ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. "ನಿಮ್ಗೆ ಥಂಡಿ ಆಗ್ಯದೆ ಕಾಣ್ತದೆ. ಸ್ವಲ್ಪ ದಿನ ಪ್ಯಾಕಿಂಗ್ ಬದಿಗೆ ಇರಿ" ಅಂದ. ನಾನೂ ಥಂಡಿಯೆಂದೇ ಹೇಳಿಕೊಂಡು ತಿರುಗುತ್ತಿದ್ದೇನೆ.

ನಿನ್ನ ಕಾಯಿಲೆ ಮೊದಲು ಗೊತ್ತಾದದ್ದು ಈ ಮೂಗಿಗೇ, ನೆನಪಿದೆಯಾ? ಆಗ ನೀನು ಒಂದನೇ ಕ್ಲಾಸು. ಮಂಕಾಗಿ ಮಲಗಿದ್ದವಳ ಬಾಯಿಂದ ಕೊಳೆತ ಗೇರುಹಣ್ಣಿನಂಥ ಸಿಹಿ ವಾಸನೆ ಬಂತು. ಎತ್ತಿಕೊಂಡು ಓಡಿದೆ. ರಕ್ತದಲ್ಲಿ ಸಕ್ಕರೆ ಮಿತಿಮೀರಿದೆ, ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಆಮೇಲೆ ನೀನು ಜಾಣೆಯಾದೆ, ಕದ್ದು ಹಲ್ವ ತಿಂದು ಸಕ್ಕರೆ ಅಳೆಯುವ ಮೀಟರಿನ ಅಂಕಿ ಸುಳ್ಳು ಹೇಳುವುದನ್ನು ಕಲಿತೆ. ಆದರೆ ಸಕ್ಕರೆ ತೀರಾ ಏರಿದಾಗ ಉಸಿರಿನಲ್ಲೇ ಸಿಕ್ಕಿಬೀಳುತ್ತಿದ್ದೆ. "ಅಮ್ಮನ ಮೂಗು ಪೊಲೀಸು" ಎಂದು ಬೈದುಕೊಳ್ಳುತ್ತಿದ್ದೆ. ಈಗ ಆ ಬೈಗುಳ ನೆನೆದರೆ ಅಳು ಬರುತ್ತದೆ.

ಒಂದೇ ಮಾತು ಕೇಳಿಕೊಳ್ಳುತ್ತೇನೆ. ದಿನವೂ ಸಕ್ಕರೆ ನೋಡಿಕೋ. ಹೊಟ್ಟೆ ನೋವಾದರೆ, ವಾಂತಿ ಬಂದಂತಾದರೆ, ನಾಚದೆ ವಾರ್ಡನ್ ದಿವ್ಯಶ್ರೀ ಅವರನ್ನು ಎಬ್ಬಿಸು. ಮೊದಲು ನರ್ಸ್ ಆಗಿದ್ದವರು, ಅವರಿಗೆ ತಿಳಿಯುತ್ತದೆ. ದೇವರು ನಿನ್ನನ್ನು ಕಣ್ಣಲ್ಲಿಟ್ಟು ಕಾಯಲಿ. ಓದು, ನಗು, ಸಿಟ್ಟು ಬಂದರೆ ನನಗೇ ಬೈ, ಆದರೆ ಸೂಜಿ ತಪ್ಪಿಸಬೇಡ.

ನಿನ್ನ ಅಮ್ಮ,
ಉಮಾ

ತಾ.ಕ.: ಇದನ್ನು ಬರೆಯದೆ ಲಕೋಟೆ ಅಂಟಿಸಿದ್ದೆ. ಮತ್ತೆ ಬಿಚ್ಚಿದೆ. ಜೂನಿನಲ್ಲಿ ಮಳೆ ಹಿಡಿದ ಆ ಸಂಜೆ ನಿನಗೆ ಅರ್ಧಂಬರ್ಧ ನೆನಪಿರಬಹುದು. ನೀನು ಹೊಟ್ಟೆನೋವೆಂದು ಚಾಪೆಯ ಮೇಲೆ ಮಲಗಿದ್ದೆ. ಅಂಕಿ ಸರಿಯಾಗಿದೆ ಅಂದೆ. ನಾನು ಮುಖಕ್ಕೆ ಮುಖ ತಾಗಿಸಿ ಮೂಸಿದೆ. ವಾಸನೆ ಇರಲಿಲ್ಲ. ಸಕ್ಕರೆಯ ತೊಂದರೆಯಲ್ಲ ಎಂದು ಜೀರಿಗೆ ಕಷಾಯ ಕುಡಿಸಿ ಪಕ್ಕದಲ್ಲೇ ಕೂತೆ. ಸಕ್ಕರೆಗೆಂದು ಬಂದ ತಿಮ್ಮಿ ಅಕ್ಕ ಹೊಸ್ತಿಲಲ್ಲೇ ನಿಂತು, "ಎಂತದೇ ಉಮಾ, ಈ ಮಳೆಗಾಲದಲ್ಲಿ ಗೇರುಹಣ್ಣು ಎಲ್ಲಿ ಸಿಕ್ತು ನಿಂಗೆ? ಮನೆಯೆಲ್ಲ ಕೊಳೆತ ವಾಸ್ನೆ" ಅಂದಳು. ಆಗಲೇ ನಿನ್ನನ್ನು ಆಸ್ಪತ್ರೆಗೆ ಒಯ್ದದ್ದು. ಅವಳು ಅವತ್ತು ಬರದಿದ್ದರೆ ಎಂಬುದನ್ನು ಮುಂದೆ ಯೋಚಿಸಲಾರೆ.

ನನ್ನ ಮೂಗು ಸತ್ತಿದೆ, ಮಗಾ. ಕೆಲಸದ ಆವಿಯಿಂದಲೋ ಬೇಸಿಗೆಯ ಜ್ವರದಿಂದಲೋ ಹೇಳಲಾಗದು, ಮರಳುವುದೂ ಅನುಮಾನ ಎಂದರು ಡಾಕ್ಟರು. ಅಪ್ಪನಿಗೂ ಹೇಳಿಲ್ಲ. ಹೋದ ವಾರ ಮೂಸಿದಾಗ ಮೂಗು ಮರಳಿತೆಂದುಕೊಂಡೆ, ಆದರೆ ಬಂದ ಸೂಜಿಯ ವಾಸನೆ ಹರಳಿನದ್ದಲ್ಲ, ನನ್ನ ನೆನಪಿನದ್ದು. ನಿನ್ನನ್ನು ನೋಡಿಕೊಂಡು ಸಾಕಾಗಿ ಹಾಸ್ಟೆಲಿಗೆ ಹಾಕಲಿಲ್ಲ. ನನ್ನೊಬ್ಬಳ ಜೊತೆ ನಿನ್ನನ್ನು ಇಟ್ಟುಕೊಳ್ಳಲು ಹೆದರಿದೆ.

ಚೌತಿಗೆ ಬಾ. ಬಂದಾಗ ಅಭ್ಯಾಸದಂತೆ ನಿನ್ನ ಮುಖ ಹತ್ತಿರ ಎಳೆದುಕೊಂಡು ಮೂಸುತ್ತೇನೆ, ತಪ್ಪಿಸಿಕೊಳ್ಳಬೇಡ. ನನಗೆ ಏನೂ ತಿಳಿಯುವುದಿಲ್ಲ. ಆಗ ಮೀಟರಿನ ಅಂಕಿಯನ್ನು ನೀನೇ ನನ್ನ ಕಿವಿಯಲ್ಲಿ ಹೇಳು. ನಿಜವಾದ ಅಂಕಿ.