ಅಪ್ಪನ ಟ್ರ್ಯಾಕ್ಟರಿನ ಲಿವರ್

ಅಡರಕಟ್ಟಿ
೧೪-೧೧-೨೦೨೪, ಗುರುವಾರ

ನನ್ನ ತಮ್ಮ ವೀರುವಿಗೆ,

ನಿನ್ನ ಅಕ್ಕ ಸಿದ್ದಲಿಂಗವ್ವ ಎರಡೂ ಕೈಯಿಂದ ನಿನ್ನ ತಲೆ ಸವರಿ ಬರೆಯುತ್ತಿದ್ದೇನೆ. ನಿನ್ನ ಕಾಗದ ಬಂದು ನಲವತ್ತು ದಿನ ಆಯಿತು. ಉತ್ತರ ಬರೆಯದೆ ಕೂತದ್ದಕ್ಕೆ ಬಾಯಿಗೆ ಬಂದಂತೆ ಬೈದುಕೋ, ಬೈಸಿಕೊಳ್ಳಬೇಕಾದವಳೇ ನಾನು. ಫೋನಿನಲ್ಲಿ ಹೇಳೋಣ ಎಂದರೆ ಜೈಲಿನವರು ಕೊಡುವುದು ಐದು ನಿಮಿಷ. ಅದರಲ್ಲಿ ಮೂರು ನಿಮಿಷ ಅಳುವುದಕ್ಕೇ ಹೋಗುತ್ತದೆ, ಉಳಿದ ಎರಡರಲ್ಲಿ "ಊಟಾ ಆತೇನು, ಸ್ವೆಟರ್ ಮುಟ್ಟಿತೇನು" ಅಷ್ಟೇ. ಇಲ್ಲಿ ಎಲ್ಲರೂ ಸುಖವಾಗಿದ್ದೇವೆ ಎಂದು ಬರೆದರೆ ನೀನು ನಂಬುವುದಿಲ್ಲ, ಹಾಗಾಗಿ ಇದ್ದದ್ದನ್ನೇ ಬರೆಯುತ್ತೇನೆ.

ನಿನ್ನ ಹೆಂಡತಿ ಅಂಕಿತಾ ಇನ್ನೂ ಶಿರಹಟ್ಟಿಯ ತವರಿನಲ್ಲೇ ಇದ್ದಾಳೆ. ದಸರೆಗೆ ಕರೆಯಲು ಹೋಗಿದ್ದೆ. ನೀರು ಕೊಟ್ಟಳು, ಚಹಾ ಕೊಟ್ಟಳು, ಆಮೇಲೆ ಹೇಳಿದಳು: "ಸಿಟ್ಟಿನ್ಯಾಗ ಕೈ ತಪ್ಪಿ ಆಗಿದ್ರ ಜೀವಾ ಇರೂ ತನಕಾ ದಾರಿ ಕಾಯ್ತಿದ್ದೆ ಯಕ್ಕಾ. ಬೇಕಂತ ಒಬ್ಬನ್ನ ಅರದು ಕೊಂದಾವನ ಮನ್ಯಾಗ ನಾ ಇರಾಂಗಿಲ್ಲ." ನಾನು ಚಹಾ ಕುಡಿದು ಎದ್ದು ಬಂದೆ.

ನಮ್ಮ ಹೊಟ್ಟಿನ ಬಣವೆಗೆ ಸತ್ತ ಮಲ್ಲುವಿನ ಕಡೆಯವರು ಬೆಂಕಿ ಹಚ್ಚಿದ್ದು ನಿನಗೆ ಗೊತ್ತಿದೆ. ಹೋದ ಸೋಮವಾರ ನಳದ ಹತ್ತಿರ ಮಲ್ಲುವಿನ ಹೆಂಡತಿ ವನಿತಾ ತಾಮ್ರದ ಕೊಡ ಎತ್ತಿ ನನ್ನ ಹಣೆಗೆ ಹೊಡೆದಳು. ಕೆಳಗೆ ಬಿದ್ದ ಮೇಲೂ ಎದೆಯ ಮೇಲೆ ಕೂತು ಹೊಡೆದಳು. "ನಿನ್ನ ತಮ್ಮನ್ನ ಹಡದಾಕಿ ಇಲ್ಲ, ಬೆಳಸಿದಾಕಿ ನೀ ಅದಿಯಲ್ಲಾ!" ಎನ್ನುತ್ತ ಹೊಡೆದಳು. ಹಣೆಗೆ ಐದು ಹೊಲಿಗೆ ಬಿದ್ದವು. ನಾನು ಕೈ ಅಡ್ಡ ತರಲಿಲ್ಲ. ಸಿದ್ದಲಿಂಗವ್ವನ ತಾಳ್ಮೆ ದೊಡ್ಡದು ಎಂದು ಊರೆಲ್ಲ ಮಾತಾಡಿಕೊಂಡಿತು. ನನ್ನಂಥ ಜಗಳಗಂಟಿಗೆ ತಾಳ್ಮೆ ಎಲ್ಲಿಂದ ಬಂತು ಎಂದು ಒಬ್ಬರಾದರೂ ಕೇಳಬೇಕಿತ್ತು.

ಇನ್ನು ನಿನ್ನ ಕಾಗದದ ಮಾತು. ಇಪ್ಪತ್ತೈದನೇ ತಾರೀಖು ಸೋಮವಾರ ಗದಗಿನ ಕೋರ್ಟಿನಲ್ಲಿ ನಿಂತು "ಹೌದು, ಬೇಕಂತಲೇ ಕೊಂದೆ" ಎಂದು ಒಪ್ಪಿಕೊಳ್ಳುತ್ತೇನೆ ಎಂದು ಬರೆದಿದ್ದೀ. "ನೀನೇ ಎಳೆಯಬೇಡ ಎಂದು ಚೀರಿದೆ, ಆದರೂ ನಾನು ಎಳೆದೆ ಅಕ್ಕ. ನನ್ನ ಕೈಯೊಳಗೆ ಕೊಲೆಗಾರ ಇದ್ದ" ಎಂದು ಬರೆದಿದ್ದೀ. ಆ ಸಾಲು ಓದಿದ ದಿನ ನಾನು ಒಲೆ ಹೊತ್ತಿಸಲಿಲ್ಲ.

ನೀನು ಕಣ್ಣಾರೆ ಕಂಡದ್ದನ್ನೇ ಮತ್ತೆ ಬರೆಯುತ್ತಿದ್ದೇನೆ ಎಂದು ಬೇಸರಪಡಬೇಡ. ಐದು ತಿಂಗಳು ಗೋಡೆ ನೋಡುತ್ತ ಕೂತು ನೀನು ನೆನಪನ್ನೆಲ್ಲ ಕಲಸಿಕೊಂಡಿದ್ದೀ. ನಾನು ಮೊದಲಿನಿಂದ ಬಿಡಿಸಿ ಹೇಳುತ್ತೇನೆ.

ಅಪ್ಪನ ಕೆಂಪು ಟ್ರ್ಯಾಕ್ಟರಿಗೆ ನನ್ನದೇ ವಯಸ್ಸು. ಮುಂದಿನ ಬಕೆಟ್ಟನ್ನು ಅಪ್ಪ ಕೆರೆ ಕೆಲಸದ ಗುತ್ತಿಗೆದಾರನಿಂದ ಹಳೇ ಕಬ್ಬಿಣದ ಬೆಲೆಗೆ ತಂದು ತಾನೇ ಕೂಡಿಸಿದ. ಕೂಡಿಸುವಾಗ ಎಲ್ಲೋ ಹಿಂದುಮುಂದಾಗಿ, ಲಿವರ್ ಮುಂದಕ್ಕೆ ನೂಕಿದರೆ ಬಕೆಟ್ಟು ಏಳುತ್ತಿತ್ತು, ತನ್ನ ಕಡೆ ಎಳೆದರೆ ಇಳಿಯುತ್ತಿತ್ತು. ಬೇರೆಲ್ಲ ಕಡೆ ಇದು ಉಲ್ಟಾ ಎಂದು ಜನ ನಕ್ಕರೆ ಅಪ್ಪ, "ನಮ್ಮ ಮನಿ ಪದ್ಧತಿ ಹಿಂಗ ಐತ್ರಿ" ಎನ್ನುತ್ತಿದ್ದ. ನಾನು ಹದಿನೈದಕ್ಕೆ ಕಲಿತೆ, ಗಂಡ ಸತ್ತು ತವರಿಗೆ ಬಂದ ಮೇಲೆ ನಿನ್ನನ್ನು ತೊಡೆಯ ಮೇಲೆ ಕೂಡಿಸಿಕೊಂಡು ನಾನೇ ನಿನಗೆ ಕಲಿಸಿದೆ. ಊರಿನ ಕೂಸಿಗೂ ಗೊತ್ತಿತ್ತು, ನಮ್ಮ ಲಿವರ್ ಎಳೆದರೆ ಬಕೆಟ್ಟು ಇಳಿಯುತ್ತದೆ ಎಂದು. ಆಗ ಅದು ಇಳಿಯುತ್ತಿದ್ದದ್ದು ಬರೀ ತನ್ನ ಭಾರಕ್ಕೆ, ಮೆಲ್ಲಗೆ. ಕಲ್ಲು ಅಡ್ಡ ಬಂದರೆ ಕಲ್ಲಿನ ಮೇಲೆ ಕೂತು ಸುಮ್ಮನಾಗುತ್ತಿತ್ತು. ಆರು ವರ್ಷದವನಿದ್ದಾಗ ನಿನ್ನ ಕಾಲ ಮೇಲೇ ಇಳಿದಿತ್ತು, ಬರೀ ಉಗುರು ಹೋಯಿತು, ನೆನಪಿದೆಯಾ?

ಕೆರೆ ಹೂಳು ತುಂಬಲು ಇದು ಸಾಲದು, ಹೊಸ ಪಂಪು ಹೊಸ ಸಿಲಿಂಡರ್ ಹಾಕಿಸೋಣ ಎಂದವನು ನೀನು. ಮುಳಗುಂದದ ಫಿಟ್ಟರ್ ಯಂಕಪ್ಪ ಬಂದು ಅಂಗಳದಲ್ಲಿ ನಾಲ್ಕು ದಿನ ಬಿಚ್ಚಿ, ಬೆಸೆದು, ಕೂಡಿಸಿದ. ಜೂನ್ ಹತ್ತರ ಸಂಜೆ ಚಾಲೂ ಮಾಡಿ ತೋರಿಸಿದ. "ಮೊದಲಿಂದು ಎತ್ತತಿತ್ತು ಅಷ್ಟ. ಇದು ಒತ್ತತೈತಿ ನೋಡ್ರಿ" ಎಂದು ಬಕೆಟ್ಟನ್ನು ನೆಲಕ್ಕೆ ಊರಿ ಒತ್ತಿದರೆ ಟ್ರ್ಯಾಕ್ಟರಿನ ಮುಂದಿನ ಗಾಲಿಗಳೇ ನೆಲ ಬಿಟ್ಟು ಮೇಲೆದ್ದವು. ನೀನು ಕುಣಿದೆ, ನಾನೂ ಚಪ್ಪಾಳೆ ಹೊಡೆದೆ. ಆಮೇಲೆ ಯಂಕಪ್ಪ, "ಇನ್ನ ಕಂಪನಿ ಪದ್ಧತಿರಿ. ಎಳದ್ರ ಏಳ್ತದ, ನೂಕಿದ್ರ ಒತ್ತತದ" ಎಂದ. ನನಗೆ ಮೈ ಉರಿಯಿತು. "ಅರವತ್ತರ ಹತ್ರ ಬಂದ ಕೈನ ಮತ್ತ ಶಾಲಿಗೆ ಕಳಸ್ಲೇನೋ? ಮೊದಲಿನಂಗ ಮಾಡು" ಎಂದೆ. ನೀನು ನಕ್ಕು, "ಯಕ್ಕಾ, ಎರಡ ದಿನದಾಗ ರೂಢಿ ಆಕ್ಕೈತಿ, ಸುಮ್ನಿರು" ಎಂದೆ. ಕತ್ತಲಾಗುವವರೆಗೆ ನೀನು ಎಳೆದು ನೂಕಿ ಹೊಸ ಪದ್ಧತಿ ಕೈಗೆ ಕೂಡಿಸಿಕೊಂಡೆ. ಇದನ್ನೆಲ್ಲ ನೀನು ಮರೆತಿದ್ದೀ.

ಮರುದಿನ ಮುಂಜಾನೆ ನೀನು ಹೊಲಕ್ಕೆ ಹೋಗಿ ಏಳು ಗಂಟೆಗೆ ತಿರುಗಿ ಬಂದೆ, ತಲೆಯಿಂದ ರಕ್ತ ಸುರಿಯುತ್ತಿತ್ತು. ನಮ್ಮ ಬಂಡಿ ದಾರಿಗೆ ಅಡ್ಡ ಗೋಡೆ ಕಟ್ಟಿಸಿದ್ದ ಕಾಕಾನ ಮಗ ಮಲ್ಲು ಸಲಿಕೆಯಿಂದ ಹೊಡೆದಿದ್ದ. ನಾನು ಅರಿಶಿಣ ಒತ್ತಿ ಅರಿವೆ ಕಟ್ಟಿದೆ. ಕಟ್ಟುವಾಗ ನೀನು ಕೇಳಿದೆ, "ಸೀರಿಗೆ ಏನ್ ಎಣ್ಣಿ ಹತ್ತೇತಿ ಯಕ್ಕಾ?" ದೀಪದ್ದು ಎಂದೆ. ಆಮೇಲೆ ನನ್ನ ಈ ಹಾಳು ಬಾಯಿ ಸುಮ್ಮನಿರಲಿಲ್ಲ. "ರಕ್ತಾ ತೋರ್ಸಾಕ ನನ್ನ ಹತ್ರ ಬಂದಿಯೇನು? ನಿನ್ನ ಕೈಗೆ ಬಳಿ ಇಡಸ್ಲೇನು? ಬಕೆಟ್ಟ ಐತಿ, ಹೋಗಿ ಗ್ವಾಡಿ ಕೆಡವಿ ಬಾ!" ಎಂದೆ. ನೀನು ರೊಟ್ಟಿಗೆ ಹಾಕಿದ್ದ ಕೈ ತೆಗೆದು ಎದ್ದು ಟ್ರ್ಯಾಕ್ಟರ್ ಹತ್ತಿದೆ.

ನಾನು ಹಿಂದೆ ಹಿಂದೆ ಓಡಿ ಬಂದೆ. ನೀನು ಬಕೆಟ್ಟನ್ನು ಎತ್ತಲೂ ಇಲ್ಲ, ಇಳಿಸಲೂ ಇಲ್ಲ, ಅದು ರಾತ್ರಿ ಬಿಟ್ಟಿದ್ದಂತೆ ಮೊಳಕಾಲೆತ್ತರದಲ್ಲೇ ಇತ್ತು. ಹಾಗೇ ನುಗ್ಗಿ ಎರಡು ಸಲ ಗುದ್ದಿದೆ, ಗೋಡೆ ಅರ್ಧ ಬಿತ್ತು. ಬಿದ್ದ ಕಲ್ಲುಗಳ ಮೇಲೆ ಮುಂದಿನ ಗಾಲಿ ಹತ್ತಿ ಟ್ರ್ಯಾಕ್ಟರಿನ ಮೂತಿ ಎದ್ದಿತು, ಬಕೆಟ್ಟು ಎದೆಯೆತ್ತರಕ್ಕೆ ಹೋಯಿತು. ಮಲ್ಲು ಹಾರೆ ಹಿಡಿದು ಬಂದ. ದೀಪ ಒಡೆದ, ಬಾನೆಟ್ಟು ಚುಚ್ಚಿದ, ಆಮೇಲೆ ರೇಡಿಯೇಟರಿಗೆ ಹಾಕಬೇಕೆಂದು ಬಗ್ಗಿ ಬಕೆಟ್ಟಿನ ಅಡಿಗೇ ಬಂದ. ಬಿಸಿ ನೀರು ಅವನ ಮುಖಕ್ಕೆ ಚಿಮ್ಮಿತು. ಅವನು ಕಣ್ಣು ಮುಚ್ಚಿಕೊಂಡು ಅಲ್ಲೇ ಮೊಳಕಾಲೂರಿದ. ಆಗ ನಾನು ನಿನ್ನ ಮುಖ ನೋಡಿದೆ ವೀರು. ಸಿಟ್ಟು ಒಂದಿಷ್ಟೂ ಇರಲಿಲ್ಲ, ನೀನು ಹೆದರಿದ್ದೆ. ನಿನ್ನ ಕೈ ಲಿವರಿಗೆ ಹೋಯಿತು. ನಾನು "ಎಳಿಬ್ಯಾಡೋ ವೀರು, ಎಳಿಬ್ಯಾಡೋ!" ಎಂದು ಚೀರಿದೆ. ನೀನು ಎಳೆದೆ.

ಬಕೆಟ್ಟು ಅವನ ಹೆಗಲ ಮೇಲೆ ಇಳಿಯಿತು. ಎಲುಬು ಮುರಿದ ಸದ್ದು ಎಂಜಿನ್ನಿನ ಸದ್ದಿನೊಳಗೂ ಕೇಳಿತು. ನೀನು ಇನ್ನೂ ಜೋರಾಗಿ ಎಳೆದೆ. ಎದ್ದು ನಿಂತು ಎರಡೂ ಕೈ ಹಚ್ಚಿ ಎಳೆದೆ. ಅವನು ಒಂದು ಸಲ "ಅವ್ವಾ" ಎಂದ, ಆಮೇಲೆ ಬಾಯಿಂದ ರಕ್ತ ಬಂತು. ಮುಂದಿನ ಗಾಲಿಗಳು ಕಲ್ಲು ಬಿಟ್ಟು ಮೇಲೆದ್ದವು. ನಾನು ಹತ್ತಿ ಬಂದು, ನಿನ್ನ ಕೈ ಕಚ್ಚಿ ಬಿಡಿಸಿ, ಲಿವರನ್ನು ಮುಂದಕ್ಕೆ ನೂಕಿದೆ. ಬಕೆಟ್ಟು ಎದ್ದಿತು. ಅವನು ಏಳಲಿಲ್ಲ.

ಆಮೇಲಿನದು ನಿನ್ನ ಬಾಯಿಗೇ ಗೊತ್ತು. ಮಲ್ಲುವಿನ ತಾಯಿ ನೀಲಗಂಗವ್ವ ಚಿಗವ್ವ ಗೋಡೆಯ ಕಲ್ಲನ್ನೇ ಎತ್ತಿ ನಿನ್ನ ಬಾಯಿಗೆ ಹೊಡೆದಳು, ಮೂರು ಹಲ್ಲು ಮಣ್ಣಿನಲ್ಲಿ ಬಿದ್ದವು. ನೀನು ಬಾಯಿ ಒರೆಸಿಕೊಳ್ಳದೆ ಲಿವರನ್ನೇ ನೋಡುತ್ತ ನಿಂತಿದ್ದೆ.

ಪೊಲೀಸರ ಮುಂದೆ ನೀನು "ಎತ್ತಲಿಕ್ಕೆ ಎಳೆದೆ" ಎಂದೆ. ಅವರು ಚಾಲೂ ಮಾಡಿ ಎಳೆದು ನೋಡಿದರು, ಬಕೆಟ್ಟು ಇಳಿಯಿತು. ಯಂಕಪ್ಪನೂ ಹೆದರಿ, "ಮೊದಲಿನಂಗ ಬಿಟ್ಟಿದ್ದೆರಿ" ಎಂದು ಹೇಳಿಕೆ ಕೊಟ್ಟ. ಊರಿನ ಹದಿನಾಲ್ಕು ಸಾಕ್ಷಿಗಳು ಒಂದೇ ಮಾತು ಹೇಳಿದರು: ಎಳೆದರೆ ಇಳಿಯುತ್ತದೆ ಎಂದು ಅವನಿಗೆ ಗೊತ್ತು, ಒಡಹುಟ್ಟಿದ ಅಕ್ಕನೇ ಬೇಡ ಎಂದು ಚೀರಿದಳು, ಆದರೂ ಎಳೆದ. ಅಕ್ಕ ಬಂದು ನೂಕದಿದ್ದರೆ ಹೆಣ ಇನ್ನೂ ಅರೆಯುತ್ತಿದ್ದ. ಕೊನೆಗೆ ನೀನೂ ಅದನ್ನೇ ನಂಬಿದೆ.

ಹದಿನೈದು ದಿನದ ಹಿಂದೆ ಯಂಕಪ್ಪ ಬಂದಿದ್ದ. ಮಲ್ಲುವಿನ ಬೀಗರು ಮುಳಗುಂದಕ್ಕೇ ಹೋಗಿ ಅವನ ಬಲಗೈ ಮುರಿದಿದ್ದಾರೆ, ಇನ್ನೂ ಪಟ್ಟಿ ಇದೆ. ಅಂಗಡಿ ಮುಚ್ಚಿದ್ದಾನೆ. "ಅವ್ವಾ, ಕಂಪನಿ ಪದ್ಧತಿನ ಕೂಡ್ಸಿದ್ದೆ ಅಂತ ನನ್ನ ನೆಪ್ಪು. ಪೊಲೀಸ್ರು ತೋರ್ಸಿದ್ರ ಉಲ್ಟಾ ಐತಿ. ನನ್ನ ಕೈ ಮ್ಯಾಲ ನನಗ ನಂಬಿಕಿ ಹೋತು" ಎಂದು ಗಂಡಸು ಅತ್ತ. "ಚಾ ಕುಡುದು ಹೋಗೋ" ಎಂದೆ ನಾನು. ಅಷ್ಟೇ ಅಂದೆ.

ಟ್ರ್ಯಾಕ್ಟರ್ ಲಕ್ಷ್ಮೇಶ್ವರದಲ್ಲಿ ಠಾಣೆಯ ಹೊರಗೆ ನಿಂತಿದೆ, ಗಾಲಿಗಳ ಗಾಳಿ ಹೋಗಿದೆ. ಸಂತೆಗೆ ಹೋದಾಗಲೆಲ್ಲ ಆ ಕಡೆ ನೋಡದೆ ಬರುತ್ತೇನೆ. ಚಳಿ ಬಿದ್ದಿದೆ, ಸ್ವೆಟರ್ ಹಾಕಿಕೋ. ಅನ್ನ ಬಿಡಬೇಡ. ಯಾರ ಜೊತೆಗೂ ಜಗಳಕ್ಕೆ ನಿಲ್ಲಬೇಡ, ನಮ್ಮ ಮನೆಯ ಪಾಲಿನ ಜಗಳ ಮುಗಿದಿದೆ. ನೂರು ವರ್ಷ ಬಾಳು ನನ್ನಪ್ಪ.

ನಿನ್ನನ್ನು ಬೆಳೆಸಿದ ಅಕ್ಕ,
ಸಿದ್ದಲಿಂಗವ್ವ

ತಾ.ಕ. ಇಷ್ಟು ಬರೆದು ಸಹಿ ಹಾಕಿ ಎದ್ದಿದ್ದೆ. ಹೇಳಬೇಕಾದದ್ದೊಂದೇ ಉಳಿದಿದೆ, ಅದಕ್ಕೇ ಮತ್ತೆ ಕೂತೆ.

ಯಂಕಪ್ಪ ತಪ್ಪು ಕೂಡಿಸಿರಲಿಲ್ಲ. ಆ ಮುಂಜಾನೆ ನೀನು ಹೊಲಕ್ಕೆ ಹೋದ ಮೇಲೆ, ಅವನು ಬಿಟ್ಟು ಹೋಗಿದ್ದ ನಟ್ಟು ಬಿಚ್ಚುವ ಪಾನ ತೆಗೆದುಕೊಂಡು ಲಿವರಿನ ಕೆಳಗಿನ ಎರಡು ಪೈಪು ಬಿಚ್ಚಿ, ಇದರ ಜಾಗಕ್ಕೆ ಅದು, ಅದರ ಜಾಗಕ್ಕೆ ಇದು ಹಾಕಿ, ಎಳೆದರೆ ಮತ್ತೆ ಇಳಿಯುವಂತೆ ಬಿಗಿದವಳು ನಾನು. ಅಪ್ಪನ ಪದ್ಧತಿ ಬಿಡಲಾರದ ಹಟ, ಮತ್ತೇನೂ ಅಲ್ಲ. ಐದು ನಿಮಿಷದ ಕೆಲಸ. ನನ್ನ ಸೀರೆಗೆ ಹತ್ತಿದ್ದು ದೀಪದ ಎಣ್ಣೆ ಅಲ್ಲ. ನೀನು ಉಣ್ಣುವಾಗ ಹೇಳಬೇಕೆಂದಿದ್ದೆ. ನೀನು ಉಣ್ಣಲಿಲ್ಲ, ಉಣ್ಣಲು ನಾನು ಬಿಡಲಿಲ್ಲ.

ನಿನ್ನ ಕೈ ಲಿವರಿಗೆ ಹೋದಾಗ ನೀನು ಅವನನ್ನು ಉಳಿಸಲು ಎಳೆಯುತ್ತಿದ್ದೀ ಎಂದು ಅಲ್ಲಿದ್ದವರಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ. ಅದಕ್ಕೇ ಚೀರಿದ್ದು. ಏಳಲಿ ಏಳಲಿ ಎಂದು ನೀನು ಎದ್ದು ನಿಂತು ಎಳೆದದ್ದೂ ನನಗೆ ಗೊತ್ತು. ಐದು ತಿಂಗಳು ದಿನಾ ನಾಳೆ ಹೇಳುತ್ತೇನೆ ಎಂದುಕೊಂಡೆ. ಹೆದರಿದ್ದೆ ವೀರು. ಊರು ನನ್ನನ್ನು ದೇವರಂಥವಳು ಎನ್ನುವುದೂ ಕಿವಿಗೆ ಹಿತವಾಗಿತ್ತು, ಅದನ್ನೂ ಮುಚ್ಚಿಡುವುದಿಲ್ಲ.

ಇದೇ ಮಾತನ್ನು ಅಂಕಿತಾಗೂ ಯಂಕಪ್ಪನಿಗೂ ಬರೆದು ಹಾಕಿದ್ದೇನೆ. ವನಿತಾಳಿಗೆ ಎದುರು ನಿಂತೇ ಹೇಳುತ್ತೇನೆ, ಹೊಡೆದರೆ ಹೊಡೆಯಲಿ. ಇಪ್ಪತ್ತೈದರ ಸೋಮವಾರ ಆ ಸೀರೆ, ಆ ಪಾನ ತೆಗೆದುಕೊಂಡು ಕೋರ್ಟಿಗೆ ಬರುತ್ತೇನೆ. ಕಾಗದವನ್ನು ನಿನ್ನ ಕೈಗೆ ಕೊಡುವ ಮೊದಲು ಜೈಲಿನವರು ಒಡೆದು ಓದುತ್ತಾರೆ ಎಂದು ಗೊತ್ತಿದೆ. ಓದಲಿ ಎಂದೇ ಬರೆದಿದ್ದೇನೆ. ನೀನು ಏನನ್ನೂ ಒಪ್ಪಿಕೊಳ್ಳಬೇಡ.